ಬಾಯಿಂದ ಬಾಯಿಗೆ ನಡೆದ ಕಾನೂನು: ನಾರ್ಸ್ ಸಾಗಾಗಳು, ಪುರಾಣಗಳು ಮತ್ತು ನ್ಯಾಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೈಕಿಂಗರು ಅಂದರೆ ಕೊಡಲಿ, ಹಡಗು, ಲೂಟಿ ಎಂದುಕೊಂಡು ಐಸ್‌ಲ್ಯಾಂಡಿನ ಸಾಗಾಗಳನ್ನು (ನಾರ್ಸರು, ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದವರು, ಬರೆದಿಟ್ಟ ಗದ್ಯ ಕಥನಗಳನ್ನು) ಕೈಗೆತ್ತಿಕೊಂಡವರಿಗೆ ಮೊದಲು ಎದುರಾಗುವುದು ಕೋರ್ಟು ಕಚೇರಿ. ಸಮನ್ಸ್, ಸಾಕ್ಷಿ, ತಕರಾರು, ರಾಜಿ. ಕೊಲೆಗಿಂತ ಕೊಲೆಯ ಮೇಲಿನ ಕೇಸಿಗೇ ಹೆಚ್ಚು ಪುಟ. ಅದೂ ಸಾಗಾಗಳು ಹೇಳುವ ಕಾಲದಲ್ಲಿ ಈ ಕಾನೂನಿನ ಒಂದು ಸಾಲೂ ಪುಸ್ತಕದಲ್ಲಿರಲಿಲ್ಲ. ಈ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಅಕ್ಷರವೇ ಗೊತ್ತಿರಲಿಲ್ಲವೇ ಅವರಿಗೆ?

ಗೊತ್ತಿತ್ತು. ರೂನ್ ಲಿಪಿ ಶತಮಾನಗಳಿಂದ ಬಳಕೆಯಲ್ಲಿತ್ತು. ಸ್ವೀಡನ್ನಿನ ಹೆಲ್ಸಿಂಗ್‌ಲ್ಯಾಂಡ್ ಪ್ರಾಂತ್ಯದ ಫೋರ್ಸಾ ಎಂಬ ಊರಿನಲ್ಲಿ ಸಿಕ್ಕ ಕಬ್ಬಿಣದ ಬಳೆಯ ಮೇಲೆ ದಂಡದ ಪಟ್ಟಿಯನ್ನೇ ಕೊರೆದಿದ್ದಾರೆ. ಮೊದಲ ಸಲದ ತಪ್ಪಿಗೆ ಒಂದು ಎತ್ತು ಮತ್ತು ಎರಡು ಔರ ತೂಕದ ಬೆಳ್ಳಿ, ಎರಡನೆಯ ಸಲ ಅದರ ಇಮ್ಮಡಿ, ಮೂರನೆಯ ಸಲ ಮತ್ತೆ ಇಮ್ಮಡಿ. ಈಗಿನ ವಿದ್ವಾಂಸರು ಇದನ್ನು 9 ಅಥವಾ 10ನೇ ಶತಮಾನದ್ದೆನ್ನುತ್ತಾರೆ. ಆದರೆ ಮರ, ಕಲ್ಲು, ಲೋಹದ ಮೇಲೆ ಕೊರೆಯುವ ಲಿಪಿಯಲ್ಲಿ ಇಡೀ ಕಾನೂನನ್ನು ಬರೆದಿಡುವ ರೂಢಿ ಇರಲಿಲ್ಲ. ಹಾಗಾಗಿ ಕಾನೂನು ಇದ್ದದ್ದು ಜನರ ನೆನಪಿನಲ್ಲಿ. ನನ್ನ ಪ್ರಕಾರ, ನೆನಪಿಗಿಂತಲೂ ಹೆಚ್ಚಾಗಿ ಅದು ಇದ್ದದ್ದು ಜನರ ಕಿವಿಯಲ್ಲಿ. ಹತ್ತು ಜನರೆದುರು ಗಟ್ಟಿಯಾಗಿ ಹೇಳದ ಯಾವುದಕ್ಕೂ ಅಲ್ಲಿ ಕಾನೂನಿನ ಬೆಲೆ ಇರಲಿಲ್ಲ. ಮುಂದಿನ ಉತ್ತರಗಳಲ್ಲಿ ಇದು ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಕಾನೂನುವಾಚಕ ಅಂದರೆ ಯಾರು? ಅವನೇ ನ್ಯಾಯಾಧೀಶನೇ?

ಅಲ್ಲ. ಅವನು ತೀರ್ಪು ಕೊಡುತ್ತಿರಲಿಲ್ಲ.

ನಾರ್ವೆಯಿಂದ ಬಂದು ಐಸ್‌ಲ್ಯಾಂಡಿನಲ್ಲಿ ನೆಲೆಸಿದವರು 930ರ ಸುಮಾರಿಗೆ ಇಡೀ ದ್ವೀಪಕ್ಕೊಂದು ಸಭೆ ಕಟ್ಟಿಕೊಂಡರು. ಅದೇ ಆಲ್ಥಿಂಗ್. ನಡೆಯುತ್ತಿದ್ದದ್ದು ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ, ಪ್ರತಿ ಬೇಸಿಗೆ ಸುಮಾರು ಎರಡು ವಾರ. ಉಲ್ಫ್‌ಲ್ಯೋಟ್ ಎಂಬಾತ ನಾರ್ವೆಗೆ ಹೋಗಿ ಅಲ್ಲಿನ ಗುಲಾಥಿಂಗ್ ಕಾನೂನಿನ ಮಾದರಿಯಲ್ಲಿ ಇಲ್ಲಿಗೊಂದು ಕಾನೂನು ತಂದ ಎಂದು ಆರಿ ಥೋರ್ಗಿಲ್ಸನ್ 12ನೇ ಶತಮಾನದ ಆರಂಭದಲ್ಲಿ ಬರೆದ ಐಸ್‌ಲ್ಯಾಂಡಿನ ಚರಿತ್ರೆ ಹೇಳುತ್ತದೆ.

ರಾಜನಿಲ್ಲದ ಆ ನಾಡಿನಲ್ಲಿ ಇಡೀ ದೇಶಕ್ಕೆ ಸೇರಿದ ಏಕೈಕ ಲೌಕಿಕ ಹುದ್ದೆ ಕಾನೂನುವಾಚಕನದು. ಅವಧಿ ಮೂರು ವರ್ಷ. ಕೆಲಸ, ಬಾಯಿಪಾಠ ಒಪ್ಪಿಸುವುದು. ಸಭೆ ನಡೆಸುವ ವಿಧಿಯನ್ನು ಪ್ರತಿ ಬೇಸಿಗೆಯೂ ಹೇಳಬೇಕು. ಉಳಿದ ಇಡೀ ಕಾನೂನನ್ನು ಮೂರು ಬೇಸಿಗೆಗಳಲ್ಲಿ ಹಂಚಿ ಹೇಳಿ ಮುಗಿಸಬೇಕು. ಯಾರಾದರೂ ಬಂದು 'ಇಂಥದ್ದಕ್ಕೆ ಕಾನೂನು ಏನು' ಎಂದು ಕೇಳಿದರೆ ಹೇಳಬೇಕು. ಆದರೆ 'ನನ್ನ ಕೇಸು ಹೇಗೆ ನಡೆಸಲಿ' ಎಂದರೆ ಸಲಹೆ ಕೊಡುವ ಹೊಣೆ ಅವನದಲ್ಲ.

ಸಂಬಳ ವರ್ಷಕ್ಕೆ ಎರಡು 'ನೂರು' ಮೊಳ ಉಣ್ಣೆಬಟ್ಟೆ. ಅವರ ಲೆಕ್ಕದಲ್ಲಿ ನೂರು ಅಂದರೆ 120, ಹಾಗಾಗಿ ನಮ್ಮ ಲೆಕ್ಕಕ್ಕೆ 240 ಮೊಳ. ಜೊತೆಗೆ ಸಭೆಯಲ್ಲಿ ವಿಧಿಸಿದ ದಂಡದಲ್ಲಿ ಅರ್ಧ ಪಾಲು.

ಅವನಿಗೇ ಮರೆತುಹೋದರೆ?

ಅದಕ್ಕೂ ವ್ಯವಸ್ಥೆ ಇತ್ತು. ಯಾವುದಾದರೂ ಭಾಗ ಸರಿಯಾಗಿ ನೆನಪಿಲ್ಲದಿದ್ದರೆ ಹೇಳುವ ಮುನ್ನಾದಿನ ಐದು ಅಥವಾ ಹೆಚ್ಚು ಮಂದಿ ಕಾನೂನು ಬಲ್ಲವರನ್ನು ಕೂರಿಸಿಕೊಂಡು ಸರಿಮಾಡಿಕೊಳ್ಳಬೇಕು. ಆ ಮಾತುಕತೆಗೆ ಕರೆಯದೆ ನುಗ್ಗಿದವನಿಗೆ ಮೂರು ಮಾರ್ಕ್ ದಂಡ. ಇದರ ಜೊತೆಗೆ ಇನ್ನೊಂದು ಕಟ್ಟಳೆ: ಹೊಸದಾಗಿ ಮಾಡಿದ ಕಾನೂನನ್ನು ಮೂರು ಬೇಸಿಗೆಗೊಮ್ಮೆಯಾದರೂ ಸಭೆಯಲ್ಲಿ ಹೇಳದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ರದ್ದು ಮಾಡಲು ಯಾರೂ ಕೈ ಎತ್ತಬೇಕಿಲ್ಲ, ಸುಮ್ಮನಿದ್ದರೆ ಸಾಕು. ಸುತ್ತ ಕುಳಿತು ಕೇಳುತ್ತಿದ್ದವರೆಲ್ಲ ಹೀಗೆ ಒಂದರ್ಥದಲ್ಲಿ ಕಾನೂನಿನ ಕಾವಲುಗಾರರೇ.

ವೇದಪಾಠದ ಹಾಗೆ ಅಕ್ಷರ ಬಿಡದೆ ಒಪ್ಪಿಸುತ್ತಿದ್ದರೇ?

ಕನ್ನಡದ ಓದುಗರು ಇದನ್ನು ಕೇಳದೆ ಬಿಡುವುದಿಲ್ಲ. ಹಾಗೇನೂ ಕಾಣುವುದಿಲ್ಲ. ಪದಪಾಠ, ಕ್ರಮಪಾಠದಂಥ ಕಟ್ಟುನಿಟ್ಟಿನ ಕಂಠಪಾಠ ಪದ್ಧತಿಯ ಸುಳಿವು ಅಲ್ಲಿಲ್ಲ. ಕಾನೂನು ವರ್ಷವರ್ಷವೂ ತಿದ್ದುಪಡಿಯಾಗುತ್ತಿತ್ತು, ಬಹುಪಾಲು ಗದ್ಯದಲ್ಲೇ ಇತ್ತು. ಆದರೆ ಕೆಲವು ತುಣುಕುಗಳು ಮಾತ್ರ ಪ್ರಾಸ ಕಟ್ಟಿ, ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಜೋಡಿಸಿ, ಮಂತ್ರದ ಹಾಗೆ ನಿಂತಿವೆ. ಪ್ರಮಾಣವಚನ, ಸಮನ್ಸ್, ಸಂಧಾನದ ಮಾತು, ಇಂಥವು. ಅಂದರೆ ಪದ ಬದಲಾದರೆ ಕೆಲಸ ಕೆಡುವ ಜಾಗಗಳು.

ಅವುಗಳಲ್ಲಿ ಶ್ರೇಷ್ಠವಾದದ್ದು ಶಾಂತಿವಚನ. ಕೊಟ್ಟ ಅಭಯವನ್ನು ಮುರಿದವನು ತೋಳ. ಕ್ರೈಸ್ತರು ಚರ್ಚಿಗೆ ಹೋಗುವಷ್ಟು ದೂರ, ಬೆಂಕಿ ಉರಿಯುವಷ್ಟು ದೂರ, ಮಗು ಅಮ್ಮನನ್ನು ಕರೆಯುವಷ್ಟು ದೂರ, ಹಡಗು ತೇಲುವಷ್ಟು, ಹಿಮ ಬೀಳುವಷ್ಟು, ವಸಂತದ ಇಡೀ ಹಗಲು ಎರಡೂ ರೆಕ್ಕೆಗಳಡಿ ಗಾಳಿ ತುಂಬಿಕೊಂಡು ಗಿಡುಗ ಹಾರುವಷ್ಟು ದೂರ ಅವನನ್ನು ಅಟ್ಟಬೇಕು. ಇದು ಮುಂದೆ ಬರೆದಿಟ್ಟ ಕಾನೂನಿನ ಗ್ರಂಥದಲ್ಲೂ ಇದೆ, ಸಾಗಾಗಳಲ್ಲೂ ಇದೆ. ಗ್ರೆಟ್ಟಿರ್ ಸಾಗಾದಲ್ಲಿ ಇದರ ಬಳಕೆ ನೋಡಿ. ಹೆಗ್ರಾನೆಸ್ ಎಂಬಲ್ಲಿನ ಪ್ರಾದೇಶಿಕ ಸಭೆಯಲ್ಲಿ ಕುಸ್ತಿ ನಡೆಯುತ್ತಿದೆ. ಗುರುತಿಲ್ಲದ ದೈತ್ಯದೇಹಿಯೊಬ್ಬನನ್ನು ಅಖಾಡಕ್ಕೆ ಕರೆಯುತ್ತಾರೆ. 'ನನಗೆ ಅಭಯ ಕೊಟ್ಟರೆ ಬರುತ್ತೇನೆ' ಎನ್ನುತ್ತಾನೆ. ಹಾಫ್ರ್ ಎಂಬವನು ಉತ್ಸಾಹದಿಂದ ಇಡೀ ವಚನವನ್ನು ಒಂದಕ್ಷರ ಬಿಡದೆ ಹೇಳುತ್ತಾನೆ. ಆಮೇಲೆ ಆತ ಬಟ್ಟೆ ಕಳಚಿದರೆ, ಎಲ್ಲರೂ ಹುಡುಕುತ್ತಿದ್ದ ಬಹಿಷ್ಕೃತ ಗ್ರೆಟ್ಟಿರ್! ಅಲ್ಲಿದ್ದವರಲ್ಲಿ ಅವನನ್ನು ಕೊಲ್ಲಲು ಕಾಯುತ್ತಿದ್ದವರೂ ಇದ್ದರು. ಆಡಿದ ಮಾತು ಆಡಿಯಾಗಿತ್ತು, ಯಾರೂ ಕೈ ಮಾಡಲಿಲ್ಲ.

ಪ್ರಾಸ ಇದ್ದದ್ದೆಲ್ಲ ಪುರಾತನ ಎಂದು ಹಿಂದೆ ಬಹಳ ಜನ ನಂಬಿದ್ದರು. ಆ ನಂಬಿಕೆ ಈಗ ಸಡಿಲವಾಗಿದೆ. ಚರ್ಚಿನ ಬರಹಗಾರರಿಗೂ ಪ್ರಾಸ ಕಟ್ಟಲು ಬರುತ್ತಿತ್ತು.

ಒಂದು ಮಾತು ತಪ್ಪಿದರೆ ಕೇಸೇ ಬಿದ್ದುಹೋಗುತ್ತಿತ್ತಂತೆ, ನಿಜವೇ?

ಸಾಗಾಗಳ ಮಟ್ಟಿಗೆ ನಿಜ. ನ್ಯಾಲ್ ಸಾಗಾ ನಿಂತಿರುವುದೇ ಇದರ ಮೇಲೆ.

ಅದರ ಎರಡು ಪ್ರಸಂಗ ಹೇಳುತ್ತೇನೆ. ಮೊದಲನೆಯದು ಹಾಸ್ಯ. ಉನ್ನ್ ಎಂಬಾಕೆ ಗಂಡ ಹ್ರೂಟ್‌ನಿಂದ ಬಿಡುಗಡೆ ಪಡೆದಿದ್ದಾಳೆ, ತವರಿನಿಂದ ಬಂದ ಆಸ್ತಿ ಮಾತ್ರ ಅವನ ಕೈಯಲ್ಲೇ ಇದೆ. ಅವಳ ಪರವಾಗಿ ದಾವೆ ಹೂಡಬೇಕಾದ ಬಂಧು ಗುನ್ನಾರ್ ಮಹಾವೀರ, ಕಾನೂನು ಮಾತ್ರ ಗೊತ್ತಿಲ್ಲ. ಹ್ರೂಟ್‌ನ ಮನೆಗೇ ಹೋಗಿ, ಅವನ ಕಿವಿಗೆ ಬೀಳುವಂತೆ ಸಮನ್ಸ್ ಹೇಳಬೇಕು. ಕಾನೂನು ಬಲ್ಲ ಗೆಳೆಯ ನ್ಯಾಲ್ ಉಪಾಯ ಹೇಳಿಕೊಡುತ್ತಾನೆ. ಗುನ್ನಾರ್ ಒರಟು ವ್ಯಾಪಾರಿಯ ವೇಷದಲ್ಲಿ ಹೋಗಿ, ಊಟವಾದ ಮೇಲೆ ಮಾತಿಗೆ ಮಾತು ಬೆಳೆಸಿ, 'ಆ ಕೇಸನ್ನು ಯಾರಾದರೂ ಮತ್ತೆ ಎತ್ತಬೇಕೆಂದರೆ ಹೇಗೆ ಹೇಳಬೇಕು' ಎಂದು ಪೆದ್ದನ ಹಾಗೆ ಕೇಳುತ್ತಾನೆ. ಹ್ರೂಟ್ ತನ್ನ ಮೇಲಿನ ಸಮನ್ಸನ್ನು ತಾನೇ ಹೇಳಿಕೊಡುತ್ತಾನೆ. ಗುನ್ನಾರ್ ಬೇಕೆಂದೇ ತಪ್ಪು ತಪ್ಪಾಗಿ ಒಪ್ಪಿಸುತ್ತಾನೆ, ಹ್ರೂಟ್ ನಗುತ್ತಾನೆ. ಎರಡನೆಯ ಸಲ ಗುನ್ನಾರ್ ಸರಿಯಾಗಿ ಹೇಳಿ, ಜೊತೆಗಿದ್ದವರನ್ನು ಮೆಲ್ಲಗೆ ಸಾಕ್ಷಿಗೆ ಕರೆದುಕೊಳ್ಳುತ್ತಾನೆ. ಸಮನ್ಸ್ ಜಾರಿಯಾಯಿತು! ಇಷ್ಟೆಲ್ಲ ಮಾಡಿದ ಕೇಸು ಕೊನೆಗೆ ಇತ್ಯರ್ಥವಾದದ್ದು ಕಾನೂನಿನಿಂದಲ್ಲ, ಗುನ್ನಾರ್ ದ್ವಂದ್ವಯುದ್ಧಕ್ಕೆ ಕರೆದಾಗ ಹ್ರೂಟ್ ಹಣ ಎಣಿಸಿದ್ದರಿಂದ.

ಎರಡನೆಯದು ನಗುವಂಥದ್ದಲ್ಲ. ನ್ಯಾಲ್ ಮತ್ತು ಅವನ ಕುಟುಂಬವನ್ನು ಮನೆಯೊಳಗೇ ಇಟ್ಟು ಸುಟ್ಟಿದ್ದಾರೆ. ಸುಟ್ಟವರ ನಾಯಕ ಫ್ಲೋಸಿ. ಆಲ್ಥಿಂಗ್‌ನಲ್ಲಿ ವಿಚಾರಣೆ. ಫ್ಲೋಸಿ ಬಂಗಾರದ ತೋಳಬಳೆ ಕೊಟ್ಟು ಎಯ್ಯೋಲ್ಫ್ ಎಂಬ ಕಾನೂನುಪಟುವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹಾಗೆ ಸಂಭಾವನೆ ತೆಗೆದುಕೊಳ್ಳುವುದೇ ಅಪರಾಧ. ಫಿರ್ಯಾದಿಗಳ ಕಡೆಗೆ ನ್ಯಾಲ್‌ನ ಶಿಷ್ಯ ಥೋರ್ಹಾಲ್, ಆದರೆ ಅವನಿಗೆ ಕಾಲಿನಲ್ಲಿ ದೊಡ್ಡ ಹುಣ್ಣು. ಬಿಡಾರದಲ್ಲೇ ಮಲಗಿಕೊಂಡು, ಆಳುಗಳ ಕೈಲಿ ಸಲಹೆ ಹೇಳಿ ಕಳಿಸುತ್ತಾನೆ. ಒಂದೊಂದು ತಕರಾರಿಗೂ ಓಡಾಟ. ಎಯ್ಯೋಲ್ಫ್ ಆಡಿದ ದೊಡ್ಡ ಆಟವೆಂದರೆ ಫ್ಲೋಸಿಯ ಊರನ್ನೇ ಕಾನೂನಿನ ಲೆಕ್ಕದಲ್ಲಿ ಬದಲಿಸಿದ್ದು: ಅವನು ಗುಟ್ಟಾಗಿ ಉತ್ತರ ಸೀಮೆಯ ಮುಖಂಡನೊಬ್ಬನಿಗೆ ಸೇರಿಕೊಂಡಿದ್ದರಿಂದ ಪೂರ್ವ ಸೀಮೆಯ ನ್ಯಾಯಪೀಠದಲ್ಲಿ (ನಾಲ್ಕು ಸೀಮೆಗಳಿಗೂ ಒಂದೊಂದು ಪೀಠವಿತ್ತು) ಹೂಡಿದ ದಾವೆ ಬಿತ್ತು. ಕೇಸು ಮೇಲಿನ ಐದನೇ ನ್ಯಾಯಪೀಠಕ್ಕೆ ಹೋಯಿತು. ಅಲ್ಲಿ 48 ಜನ ನೇಮಕವಾಗುತ್ತಾರೆ, ಎರಡೂ ಕಡೆಯವರು ಆರಾರು ಜನರನ್ನು ತೆಗೆದು 36ಕ್ಕೆ ಇಳಿಸಬೇಕು. ಪ್ರತಿವಾದಿಗಳು ಬೇಕೆಂದೇ ತಮ್ಮ ಆರು ಜನರನ್ನು ತೆಗೆಯಲಿಲ್ಲ. ಆಗ ಅದನ್ನೂ ಫಿರ್ಯಾದಿಯೇ ತೆಗೆಯಬೇಕಿತ್ತು, ಫಿರ್ಯಾದಿಗಳ ಪರ ಕೇಸು ನಡೆಸುತ್ತಿದ್ದ ಮೊರ್ದ್ ಮರೆತ. 42 ಜನ ತೀರ್ಪು ಕೊಟ್ಟರು, ತೀರ್ಪು ಅಸಿಂಧು. ಸುದ್ದಿ ಕೇಳಿದ ಥೋರ್ಹಾಲ್ ಒಂದು ಮಾತೂ ಆಡದೆ ಈಟಿ ತೆಗೆದುಕೊಂಡು ತನ್ನ ಕಾಲಿನ ಹುಣ್ಣಿಗೇ ಚುಚ್ಚಿ, ಕೀವು ರಕ್ತ ಹರಿಯುತ್ತಿರುವಾಗಲೇ ಹೊರಗೆ ನಡೆದು, ಎದುರಿಗೆ ಸಿಕ್ಕ ಫ್ಲೋಸಿಯ ಬಂಧುವನ್ನು ಇರಿದು ಕೊಂದ. ಸಭೆಯ ನೆಲದಲ್ಲೇ ಕಾಳಗವಾಯಿತು. ಆಗಿನ ಕಾನೂನುವಾಚಕ ಸ್ಕಾಪ್ತಿಗೆ ಮೀನಖಂಡಕ್ಕೆ ಈಟಿ ಬಿತ್ತು, ಅವನನ್ನು ಕತ್ತಿ ಸಾಣೆ ಹಿಡಿಯುವವನ ಬಿಡಾರದೊಳಕ್ಕೆ ಎಳೆದುಹಾಕಬೇಕಾಯಿತು.

'ಕಾನೂನಿನಿಂದ ನಾಡು ಕಟ್ಟಬೇಕು, ಕಾನೂನುಗೇಡಿತನದಿಂದ ನಾಡು ಹಾಳು' ಎಂದು ಇದೇ ಸಾಗಾದಲ್ಲಿ ನ್ಯಾಲ್ ಹೇಳುತ್ತಾನೆ. ಇದರ ಮೊದಲ ಅರ್ಧ ಇವತ್ತಿಗೂ ಐಸ್‌ಲ್ಯಾಂಡ್ ಪೊಲೀಸರ ಧ್ಯೇಯವಾಕ್ಯ. ಸಾಗಾ ಬರೆದವನು ಆ ಮಾತನ್ನು ನಂಬಿದ್ದನೇ, ಅಣಕಿಸುತ್ತಿದ್ದನೇ ಎಂಬುದು ನನಗಂತೂ ತೆರೆದ ಪ್ರಶ್ನೆ.

ಪೊಲೀಸು, ಜೈಲು?

ಇರಲಿಲ್ಲ. ಗೆದ್ದವನೇ ತೀರ್ಪನ್ನು ಜಾರಿ ಮಾಡಿಕೊಳ್ಳಬೇಕು. ಶಿಕ್ಷೆ ದಂಡ, ಇಲ್ಲವೇ ಬಹಿಷ್ಕಾರ. ಚಿಕ್ಕ ಬಹಿಷ್ಕಾರವಾದರೆ ಮೂರು ವರ್ಷ ದೇಶ ಬಿಡಬೇಕು. ಪೂರ್ಣ ಬಹಿಷ್ಕಾರವಾದರೆ ಅನ್ನ, ನೆರಳು, ದೋಣಿ ಯಾರೂ ಕೊಡುವಂತಿಲ್ಲ, ಕೊಂದವನಿಗೆ ಕೇಸಿಲ್ಲ.

ಎಲ್ಲದಕ್ಕೂ ಸಾಕ್ಷಿಗಳನ್ನು ಕರೆಯುತ್ತಲೇ ಇರುತ್ತಾರಲ್ಲ, ಯಾಕೆ?

ಕಾಗದವಿಲ್ಲದ ಕಡೆ ಮನುಷ್ಯರೇ ಕಾಗದ. ಉನ್ನ್ ಗಂಡನನ್ನು ಬಿಟ್ಟ ಬಗೆಯನ್ನೇ ನೋಡಿ: ಹಾಸಿಗೆಯ ಪಕ್ಕ ಸಾಕ್ಷಿ ಕರೆದು ಒಮ್ಮೆ, ಮನೆಯ ಮುಂಬಾಗಿಲಲ್ಲಿ ಒಮ್ಮೆ, ಆಮೇಲೆ ಆಲ್ಥಿಂಗ್‌ನ ಕಾನೂನು ಬಂಡೆಯ ಮೇಲೆ, ಅಂದರೆ ಸಭೆಗೆ ಸಾರುವ ಜಾಗದಲ್ಲಿ, ತಾನು ಬೇರೆಯಾದೆ ಎಂದು ಸಾರುತ್ತಾಳೆ.

ಕೊಲೆಗೂ ಹಾಗೆಯೇ. ಕೊಂದವನು ಹತ್ತಿರದ ಮನೆಗೆ ಹೋಗಿ 'ಇಂಥವನನ್ನು ಕೊಂದೆ' ಎಂದು ಹೇಳಬೇಕು. ಸತ್ತವನ ಬಂಧುಗಳ ಮನೆಯಾಗಿದ್ದರೆ ಅದನ್ನು ದಾಟಿ ಮುಂದಿನ ಮನೆಗೆ ಹೋಗಬಹುದು. ಹೇಳಿದರೆ ಅದು ವಧೆ, ದಂಡ ಕಟ್ಟಿ ಬಗೆಹರಿಸಬಹುದಾದ ವ್ಯವಹಾರ. ಮುಚ್ಚಿಟ್ಟರೆ ಗುಪ್ತಹತ್ಯೆ, ಅದಕ್ಕಿಂತ ಹೇಯವಾದದ್ದಿಲ್ಲ. ಎಗಿಲ್ ಸಾಗಾದಲ್ಲಿ ಕವಿ ಎಗಿಲ್ ತನ್ನ ಪರಮಶತ್ರು ಎರಿಕ್ ರಾಜನ ಕೈಗೆ ಯಾರ್ಕ್‌ನಲ್ಲಿ ಸಿಕ್ಕಿಬೀಳುತ್ತಾನೆ. ಅವನನ್ನು ಆಗಲೇ ಮುಗಿಸಬೇಕೆಂದು ರಾಣಿಯ ಹಟ. ಗೆಳೆಯ ಆರಿನ್‌ಬ್ಯೋರ್ನ್ 'ರಾತ್ರಿಯ ವಧೆ ಗುಪ್ತಹತ್ಯೆಗೆ ಸಮ' ಎಂದು ಕಾನೂನಿನ ಮಾತು ಎತ್ತಿ ಬೆಳಗಿನವರೆಗೆ ಸಮಯ ಕೊಡಿಸುತ್ತಾನೆ. ಆ ಒಂದು ರಾತ್ರಿಯಲ್ಲಿ ಎಗಿಲ್ ರಾಜನ ಹೊಗಳಿಕೆಯ ಕವಿತೆ ಕಟ್ಟಿ, ಬೆಳಗ್ಗೆ ಹಾಡಿ, ತಲೆ ಉಳಿಸಿಕೊಳ್ಳುತ್ತಾನೆ.

ಹೆಂಗಸರಿಗೆ ಈ ಕೋರ್ಟಿನಲ್ಲಿ ಜಾಗವಿತ್ತೇ?

ಆಸ್ತಿ ಇತ್ತು, ವಿಚ್ಛೇದನ ಇತ್ತು, ಧ್ವನಿ ಇರಲಿಲ್ಲ. ಎಯ್ರ್‌ಬಿಗ್ಗ್ಯಾ ಸಾಗಾದ ಪ್ರಕಾರ, ಆರ್ನ್‌ಕೆಲ್ ಎಂಬ ಮುಖಂಡನ ಕೊಲೆಯ ಕೇಸು ಅವನ ವಾರಸುದಾರರಾದ ಹೆಂಗಸರ ಕೈಗೆ ಬಂದು ಬಲ ಕಳೆದುಕೊಂಡಿತು. ಅದರ ನಂತರ ಹೆಂಗಸರು ಮತ್ತು 16 ತುಂಬದ ಹುಡುಗರು ಕೊಲೆಯ ಕೇಸು ನಡೆಸಬಾರದೆಂದು ಕಾನೂನಾಯಿತು. ವ್ಯವಸ್ಥೆಯ ತಪ್ಪಿಗೆ ತಿದ್ದುಪಡಿ ಮಾತ್ರ ಅವರ ಮೇಲೆ!

ಪುರಾಣದಲ್ಲಿ ನ್ಯಾಯದೇವತೆ ಯಾರು?

ಒಬ್ಬರಲ್ಲ. ದೇವತೆ ಬಾಲ್ಡರ್‌ನ ಮಗ ಫೋರ್ಸೆತಿಗೆ ಬಂಗಾರದ ಕಂಬ, ಬೆಳ್ಳಿಯ ಮಾಡಿನ ಗ್ಲಿಟ್ನಿರ್ ಎಂಬ ಮನೆ ಇದೆ, ಅಲ್ಲಿಗೆ ಹೋದ ವ್ಯಾಜ್ಯಗಳೆಲ್ಲ ರಾಜಿಯಾಗುತ್ತವೆ. ಗಂಡು ಹೆಣ್ಣು ಪರಸ್ಪರ ಕೊಟ್ಟ ಮಾತನ್ನು ಕೇಳಿಸಿಕೊಳ್ಳುವ ದೇವತೆ ವಾರ್. ಸಭೆಯಲ್ಲಿ ಪ್ರತಿವಾದಿಯ ಪರ ನಿಲ್ಲುವ ದೇವತೆ ಸಿನ್. ದೇವತೆಗಳು ದಿನವೂ ಕಾಮನಬಿಲ್ಲಿನ ಸೇತುವೆ ದಾಟಿ ವಿಧಿದೇವತೆ ಉರ್ದ್‌ಳ ಬಾವಿಯ ಬಳಿ ಸಭೆ ಕೂಡುತ್ತಾರೆ.

ಆದರೆ ಕಥೆಗಳಲ್ಲಿ ಈ ದೇವತೆಗಳು ನಡೆದುಕೊಳ್ಳುವ ರೀತಿ ಬೇರೆ. ತೋಳ ಫೆನ್ರಿರ್‌ನನ್ನು ಕಟ್ಟುವಾಗ 'ಬಿಚ್ಚುತ್ತೇವೆ' ಎಂಬ ಮಾತಿಗೆ ಒತ್ತೆಯಾಗಿ ತ್ಯೂರ್ ಎಂಬ ದೇವತೆ ತನ್ನ ಕೈಯನ್ನು ಅದರ ಬಾಯಲ್ಲಿಡುತ್ತಾನೆ. ಬಿಚ್ಚಲಿಲ್ಲ, ಕೈ ಹೋಯಿತು. ಎಲ್ಲರ ಸುಳ್ಳಿಗೆ ಬೆಲೆ ತೆತ್ತವನು ಒಬ್ಬ. ದೇವತೆಗಳ ನೆಲೆಯಾದ ಆಸ್ಗಾರ್ಡಿನ ಕೋಟೆ ಕಟ್ಟಲು ಬಂದ ದೈತ್ಯನಿಗೆ, ದೈತ್ಯರ ವೈರಿಯಾದ ದೇವತೆ ಥೋರ್ ಮನೆಗೆ ಬಂದರೂ ಜೀವಕ್ಕೆ ಅಪಾಯವಿಲ್ಲವೆಂದು ಸಾಕ್ಷಿಗಳೆದುರು ಆಣೆ ಮಾಡಿದ್ದರು. ಕೆಲಸ ಮುಗಿಯುವ ಹೊತ್ತಿಗೆ ಥೋರ್ ಬಂದು ತಲೆ ಒಡೆದ. 'ವೊಲುಸ್ಪಾ' ಕಾವ್ಯ ಇಲ್ಲಿ ಆಣೆಗಳು ಮುರಿದವು ಎಂದು ನೇರವಾಗಿ ಹೇಳಿ, ಮುಂದೆ ಲೋಕದ ನಾಶಕ್ಕೆ ಸಾಗುತ್ತದೆ. ದೇವತೆಗಳ ಹಿರಿಯ ಓಡಿನ್ ಕೂಡ ಉಂಗುರ ಮುಟ್ಟಿ ಮಾಡಿದ ಆಣೆಯನ್ನು ಮುರಿದವನೇ. 'ಹಾವಮಾಲ್' ಎಂಬ ಇನ್ನೊಂದು ಕಾವ್ಯ ಅವನ ಮಾತನ್ನು ಇನ್ನು ಹೇಗೆ ನಂಬುವುದು ಎಂದು ಕೇಳುತ್ತದೆ.

ದೇವತೆಗಳ ನಡುವಿನ ತಂತ್ರಗಾರ ಲೋಕಿಯದು ಮಾತ್ರ ಶುದ್ಧ ವಕೀಲಿ. ಪಂತದಲ್ಲಿ ಕುಬ್ಜನಿಗೆ ತಲೆ ಸೋತ ಮೇಲೆ, 'ತಲೆ ನಿನ್ನದು, ಕುತ್ತಿಗೆ ನಿನ್ನದಲ್ಲ' ಎಂದು ವಾದಿಸಿ ಪಾರಾಗುತ್ತಾನೆ. ಕುಬ್ಜ ಅವನ ತುಟಿಗಳನ್ನು ಹೊಲಿದುಬಿಡುತ್ತಾನೆ. ಮಾತೇ ಕಾನೂನಾದ ಲೋಕದಲ್ಲಿ ಇದಕ್ಕಿಂತ ತಕ್ಕ ಶಿಕ್ಷೆ ನನಗೆ ಹೊಳೆಯುವುದಿಲ್ಲ. ಇಂಥ ಕಥೆಗಳಲ್ಲಿ ಬಹಳಷ್ಟನ್ನು ಗದ್ಯದಲ್ಲಿ ನಮಗೆ ಉಳಿಸಿಕೊಟ್ಟ ಸ್ನೊರ್ರಿ ಸ್ಟುರ್ಲುಸನ್ 1215ರಿಂದ 1218, ಮತ್ತೆ 1222ರಿಂದ 1231ರವರೆಗೆ ಸ್ವತಃ ಕಾನೂನುವಾಚಕನಾಗಿದ್ದ. ಅವನ ದೇವತೆಗಳು ಕರಾರು, ಒತ್ತೆ, ಸಾಕ್ಷಿ ಎನ್ನುತ್ತಲೇ ಇರುವುದರಲ್ಲಿ ಅವನ ಉದ್ಯೋಗದ ವಾಸನೆಯೂ ಇರಬೇಕು.

ದೆವ್ವಗಳ ಮೇಲೂ ಕೇಸು ಹಾಕಿದ್ದರಂತೆ?

ಹಾಕಿದ್ದರು, ಗೆದ್ದರು ಕೂಡ. ಅದೂ ಎಯ್ರ್‌ಬಿಗ್ಗ್ಯಾ ಸಾಗಾದಲ್ಲೇ ಬರುತ್ತದೆ. ಫ್ರೋದಾ ಎಂಬ ಮನೆಯಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತವರು ಒದ್ದೆಬಟ್ಟೆಯಲ್ಲಿ, ರೋಗದಿಂದ ಸತ್ತವರು ಮೈತುಂಬ ಮಣ್ಣಿನಲ್ಲಿ, ಸಂಜೆ ಸಂಜೆ ಬಂದು ಒಲೆಯ ಮುಂದೆ ಕೂರುತ್ತಾರೆ. ಮನೆಯವರು ಬೇರೆ ಕಡೆ ಬೆಂಕಿ ಹಾಕಿಕೊಳ್ಳಬೇಕಾದ ಸ್ಥಿತಿ. ಕೊನೆಗೆ ಸ್ನೊರ್ರಿ ಎಂಬ ಮುಖಂಡನ (ಮೇಲೆ ಹೇಳಿದ ಸ್ನೊರ್ರಿಯಲ್ಲ, ಇವನು ಎರಡು ಶತಮಾನ ಹಿಂದಿನವನು) ಸಲಹೆಯಂತೆ ಬಾಗಿಲಲ್ಲೇ ನ್ಯಾಯಪೀಠ ಕೂರಿಸುತ್ತಾರೆ. ಅಪ್ಪಣೆಯಿಲ್ಲದೆ ಮನೆಯಲ್ಲಿ ಓಡಾಡಿದ್ದು, ಜನರ ಆರೋಗ್ಯ ಮತ್ತು ಪ್ರಾಣ ತೆಗೆದದ್ದು ಆರೋಪ. ಸಮನ್ಸ್, ಸಾಕ್ಷಿ, ವಾದ, ತೀರ್ಪು, ಯಾವುದನ್ನೂ ಬಿಡುವುದಿಲ್ಲ. ಹೆಸರು ಕೂಗಿ ತೀರ್ಪು ಹೇಳಿದಂತೆ ಒಂದೊಂದೇ ದೆವ್ವ ಎದ್ದು, ಗೊಣಗಿಕೊಂಡು ಹೊರಗೆ ನಡೆಯುತ್ತದೆ. ಆಮೇಲೆ ಪಾದ್ರಿ ಬಂದು ತೀರ್ಥ ಚಿಮುಕಿಸುತ್ತಾನೆ. ಆದರೆ ಹೊರಗಟ್ಟಿದ್ದು ಕಾನೂನು.

ಕ್ರೈಸ್ತ ಧರ್ಮಕ್ಕೆ ಸೇರುವ ತೀರ್ಮಾನವನ್ನೂ ಸಭೆಯಲ್ಲೇ ಮಾಡಿದರೇ?

ಹೌದು, 999 ಅಥವಾ 1000ದ ಬೇಸಿಗೆಯಲ್ಲಿ. ಎರಡು ಪಕ್ಷಗಳೂ 'ನಿಮ್ಮ ಕಾನೂನು ನಮಗಿಲ್ಲ' ಎಂದು ಬೇರೆಯಾಗುವ ಹಂತಕ್ಕೆ ಬಂದಿದ್ದವು. ತೀರ್ಮಾನವನ್ನು ಹಳೆಯ ಧರ್ಮದವನೇ ಆದ ಕಾನೂನುವಾಚಕ ಥೋರ್ಗೆಯ್ರ್‌ಗೆ ಬಿಟ್ಟರು. ಅವನು ಒಂದು ಹಗಲು ಒಂದು ರಾತ್ರಿ ಕಂಬಳಿ ಮುಸುಕು ಹಾಕಿಕೊಂಡು ಮಲಗಿದ. ಎದ್ದು, ಕಾನೂನನ್ನು ಹರಿದರೆ ಶಾಂತಿಯನ್ನೂ ಹರಿದಂತೆ ಎಂದು ಹೇಳಿ, ಎಲ್ಲರೂ ದೀಕ್ಷೆ ಪಡೆಯಬೇಕೆಂದ. ಮೂರು ರಿಯಾಯಿತಿಗಳಿದ್ದವು: ಹಸುಗೂಸನ್ನು ತೊರೆಯುವ ಹಳೆಯ ಪದ್ಧತಿ, ಕುದುರೆ ಮಾಂಸ, ಮತ್ತು ಗುಟ್ಟಾಗಿ ಮಾಡುವ ಬಲಿ. ಕೊನೆಯದಕ್ಕೆ ಶರತ್ತು: ಸಾಕ್ಷಿ ಸಿಕ್ಕರೆ ಮೂರು ವರ್ಷದ ಬಹಿಷ್ಕಾರ, ಸಿಗದಿದ್ದರೆ ಏನೂ ಇಲ್ಲ. ಕೆಲವೇ ವರ್ಷಗಳಲ್ಲಿ ಈ ರಿಯಾಯಿತಿಗಳೂ ಹೋದವು.

ಬರೆದದ್ದು ಯಾವಾಗ?

1117ರ ಬೇಸಿಗೆಯಲ್ಲಿ ತೀರ್ಮಾನವಾಗಿ, ಆ ಚಳಿಗಾಲದಲ್ಲಿ ಹಾಫ್ಲಿದಿ ಮಾಸನ್ ಎಂಬ ಮುಖಂಡನ ಮನೆಯಲ್ಲಿ ಬರೆದರು. ಕಾನೂನುವಾಚಕ ಬೆರ್ಗ್‌ಥೋರ್ ಮತ್ತಿತರ ಬಲ್ಲವರು ಹೇಳಿ ಬರೆಸಿದರು. ಮುಂದಿನ ಬೇಸಿಗೆ ಸಭೆಯಲ್ಲಿ ಓದಿದವರು ಪಾದ್ರಿಗಳು. ಬಾಯಿಪಾಠದವನ ಜಾಗಕ್ಕೆ ಓದು ಬಲ್ಲವನು ಬಂದ.

ಪುಸ್ತಕ ಬಂದರೆ ಜಗಳ ತಪ್ಪುತ್ತದೆ ಎಂದುಕೊಂಡರೆ, ಈಗ ಪುಸ್ತಕ ಪುಸ್ತಕಗಳ ನಡುವೆ ಜಗಳ. ಅದಕ್ಕೊಂದು ಕಟ್ಟಳೆ ಮಾಡಿದರು: ಪ್ರತಿಗಳು ಬೇರೆಯಾದರೆ ಬಿಷಪ್ಪರ ಪೀಠಗಳಲ್ಲಿರುವ ಪ್ರತಿ ಗೆಲ್ಲುತ್ತದೆ. ಅವೂ ಬೇರೆಯಾದರೆ ಹೆಚ್ಚು ವಿಸ್ತಾರವಾಗಿ ಹೇಳಿದ್ದು, ಎರಡೂ ಸಮವಾದರೆ ಸ್ಕಾಲ್‌ಹೋಲ್ಟ್ ಪೀಠದ ಪ್ರತಿ. ನಮಗೆ ಉಳಿದಿರುವ ದೊಡ್ಡ ಕೈಬರಹಗಳು ಎರಡು, ಎರಡೂ 13ನೇ ಶತಮಾನದ ಉತ್ತರಾರ್ಧದವು. ಒಟ್ಟಿಗೆ 'ಗ್ರಾಗಾಸ್' ಎಂದು ಹೆಸರು. 1262ರಿಂದ 1264ರೊಳಗೆ ಐಸ್‌ಲ್ಯಾಂಡ್ ನಾರ್ವೆಯ ರಾಜನಿಗೆ ತಲೆಬಾಗಿತು. 1271ರಲ್ಲಿ ಹೊಸ ಸಂಹಿತೆ, 1281ರಲ್ಲಿ ಮತ್ತೊಂದು. ಕಾನೂನುವಾಚಕನ ಹುದ್ದೆ ಅಲ್ಲಿಗೆ ಮುಗಿಯಿತು.

ಸಾಗಾಗಳನ್ನು ಕೋರ್ಟಿನ ದಾಖಲೆಯಂತೆ ನಂಬಬಹುದೇ?

ಬೇಡ. ನ್ಯಾಲ್ ಸಾಗಾ ಬರೆದದ್ದು 1280ರ ಸುಮಾರಿಗೆ, ಘಟನೆಗಳಾಗಿ ಮುನ್ನೂರು ವರ್ಷವಾಗಿತ್ತು. ಬರೆದವನ ಕೈಯಲ್ಲಿ ಕಾನೂನಿನ ಪುಸ್ತಕಗಳಿದ್ದವು, ಹಾಗಾಗಿ ಪಾತ್ರಗಳ ಬಾಯಲ್ಲಿ ಬರುವ ಸೂತ್ರಗಳು ಹಳೆಯ ನೆನಪೋ ಪುಸ್ತಕದ ನಕಲೋ ಎಂದು ಬಿಡಿಸುವುದು ಕಷ್ಟ. ಸ್ವೀಡನ್ನಿನ ಥೋರ್ಗ್ನಿ ಎಂಬ ಮುದಿ ಕಾನೂನುವಾಚಕ 1018ರಲ್ಲಿ ಉಪ್ಸಾಲಾ ಸಭೆಯಲ್ಲಿ ಎದ್ದು ನಿಂತು, ಹಿಂದೆ ಐದು ರಾಜರನ್ನು ಕೆಸರಿಗೆ ತಳ್ಳಿದ್ದೇವೆ, ನೀನೂ ಮಾತು ಕೇಳದಿದ್ದರೆ ಅದೇ ಗತಿ ಎಂದು ರಾಜನಿಗೆ ಹೇಳಿದ ಭಾಷಣ ಬಹಳ ಪ್ರಸಿದ್ಧ. ಅದನ್ನು ಬರೆದವನು ಇನ್ನೂರು ವರ್ಷದ ನಂತರದ ಸ್ನೊರ್ರಿ. ಭಾಷಣ ಅವನದೇ ಇರಬೇಕು. ಆದರೆ ಕಾನೂನು ಬಲ್ಲ ರೈತನೊಬ್ಬ ರಾಜನಿಗೆ ಹೀಗೆ ಹೇಳಬಹುದು ಎಂದು 13ನೇ ಶತಮಾನದ ಕೇಳುಗರಿಗೆ ಅನ್ನಿಸುತ್ತಿತ್ತಲ್ಲ, ಅದು ಚರಿತ್ರೆ.

ಈಗ ಎಲ್ಲಾದರೂ ಉಳಿದಿದೆಯೇ?

ಥಿಂಗ್‌ವೆಲ್ಲಿರ್ 2004ರಿಂದ ವಿಶ್ವ ಪರಂಪರೆಯ ತಾಣ. ಕಾನೂನು ಬಂಡೆ ನಿಖರವಾಗಿ ಯಾವುದು ಎಂಬ ಚರ್ಚೆ ಮುಗಿದಿಲ್ಲ. ಆಚರಣೆ ಉಳಿದಿರುವುದು ಮಾತ್ರ ಬೇರೆ ಕಡೆ, ಒಂದು ಕಾಲಕ್ಕೆ ನಾರ್ಸರು ಆಳಿದ, ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಮ್ಯಾನ್ ದ್ವೀಪದಲ್ಲಿ. ಅಲ್ಲಿನ ಸಂಸತ್ತು ಟಿನ್ವಾಲ್ಡ್, ಸಾಮಾನ್ಯವಾಗಿ ಜುಲೈ 5ರಂದು, ಸೇಂಟ್ ಜಾನ್ಸ್ ಎಂಬಲ್ಲಿನ ಮೆಟ್ಟಿಲು ಮೆಟ್ಟಿಲಾದ ದಿಬ್ಬದ ಮೇಲೆ ಬಯಲಲ್ಲಿ ಸೇರುತ್ತದೆ. ಆ ವರ್ಷದ ಕಾನೂನುಗಳ ಸಾರವನ್ನು ಇಂಗ್ಲಿಷಿನಲ್ಲೂ ದ್ವೀಪದ ಸ್ವಂತ ಮ್ಯಾಂಕ್ಸ್ ಭಾಷೆಯಲ್ಲೂ ಗಟ್ಟಿಯಾಗಿ ಓದುತ್ತಾರೆ. 18 ತಿಂಗಳೊಳಗೆ ಹೀಗೆ ಸಾರದ ಕಾನೂನು ಇಂದಿಗೂ ಬಿದ್ದುಹೋಗುತ್ತದೆ.

ಓದಲು ಎಲ್ಲಿಂದ ಶುರು ಮಾಡಲಿ?

ನ್ಯಾಲ್ ಸಾಗಾದಿಂದ ಬೇಡ, ಹೆಸರುಗಳ ರಾಶಿಯಲ್ಲಿ ಕಳೆದುಹೋಗುತ್ತೀರಿ. ಎಯ್ರ್‌ಬಿಗ್ಗ್ಯಾದ ದೆವ್ವದ ಅಧ್ಯಾಯಗಳು ಚಿಕ್ಕವು, ಅಲ್ಲಿಂದ ಗ್ರೆಟ್ಟಿರ್‌ಗೆ ಹೋಗಿ, ಆಮೇಲೆ ನ್ಯಾಲ್. ಸುಟ್ಟ ಕೇಸಿನ ವಿಚಾರಣೆಯ ಅಧ್ಯಾಯಗಳನ್ನು ಬಹಳ ಜನ ಹಾರಿಸಿಬಿಡುತ್ತಾರೆ, ಒಂದೇ ಸೂತ್ರ ಹತ್ತು ಸಲ ಬರುತ್ತದೆಂದು. ಹಾರಿಸಬೇಡಿ. ಸಾಧ್ಯವಾದರೆ ಗಟ್ಟಿಯಾಗಿ ಓದಿ, ಜೊತೆಗೆ ಕೇಳಲು ಇನ್ನೊಬ್ಬರಿದ್ದರೆ ಇನ್ನೂ ಒಳ್ಳೆಯದು.